ಪಂಚಾಯಿತಿಯಲ್ಲಿ ಗಪ್ಪಿ ಮೀನಿನ ತೊಟ್ಟಿ: ನೀರಿನ ನೈರ್ಮಲ್ಯ ಮತ್ತು ನಿತ್ಯ ನಿರ್ವಹಣೆ

ಗ್ರಾಮ ಪಂಚಾಯಿತಿ ಕಚೇರಿ, ಶಾಲೆ, ಅಂಗನವಾಡಿ ಅಥವಾ ಅರಿವು ಕೇಂದ್ರದಲ್ಲಿ ಇರಿಸುವ ಸಣ್ಣ ಗಾಜಿನ ಮೀನಿನ ತೊಟ್ಟಿಯನ್ನು ಸಾಮಾನ್ಯವಾಗಿ ಅಲಂಕಾರದ ವಸ್ತುವೆಂದೇ ಪರಿಗಣಿಸಲಾಗುತ್ತದೆ. ಅದೇ ತೊಟ್ಟಿಯಲ್ಲಿ ಗಪ್ಪಿ ಮೀನುಗಳನ್ನು ಸಾಕಿದಲ್ಲಿ ಅದು ಮಕ್ಕಳಿಗೆ ಪಾಠವಾಗುವುದರ ಜೊತೆಗೆ, ಗ್ರಾಮದ ಸೊಳ್ಳೆ ನಿಯಂತ್ರಣಕ್ಕೆ ಬೇಕಾದ ಬೀಜದ ಮೀನುಗಳ ಕಣಜವೂ ಆಗುತ್ತದೆ. ಆದರೆ ಉತ್ಸಾಹದಿಂದ ಆರಂಭವಾದ ತೊಟ್ಟಿಗಳು ಎರಡು ಮೂರು ತಿಂಗಳಲ್ಲಿ ಮೀನುಗಳೆಲ್ಲ ಸತ್ತು ಖಾಲಿಯಾಗುವುದುಂಟು. ಖಾಲಿಯಾದ ತೊಟ್ಟಿಯಲ್ಲಿ ನೀರು ಉಳಿದರೆ ಅದೇ ಸೊಳ್ಳೆಯ ತವರಾಗುತ್ತದೆ. ಇಂತಹ ಸಾವಿಗೆ ಬಹುಪಾಲು ಕಾರಣ ನಿರ್ಲಕ್ಷ್ಯವಲ್ಲ. ಅತಿಯಾದ ಆಹಾರ ಮತ್ತು ಒಮ್ಮೆಗೇ ಮಾಡುವ ಪೂರ್ಣ ತೊಳೆಯುವಿಕೆ ಇದರ ಮುಖ್ಯ ಕಾರಣಗಳು. ಆದುದರಿಂದ ತೊಟ್ಟಿಯ ನೀರು ಹೇಗೆ ಶುದ್ಧವಾಗಿರುತ್ತದೆ ಎಂಬುದನ್ನು ಸದಸ್ಯರು ಅರಿತಿರುವುದು ಅವಶ್ಯಕ.

ಈ ಭಾಗಕ್ಕೆ ಗಪ್ಪಿ ಮೀನು ಏಕೆ?

ಸಿಂಧನೂರು ಮತ್ತು ಮಸ್ಕಿ ತಾಲ್ಲೂಕುಗಳಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಿದೆ. ಲಿಂಗಸುಗೂರು ತಾಲ್ಲೂಕಿಗೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬರುತ್ತದೆ. ಭತ್ತದ ಗದ್ದೆ, ಕಾಲುವೆಯಂಚಿನ ಕುಣಿ, ಬಳಕೆ ತಪ್ಪಿದ ಬಾವಿಗಳಲ್ಲಿ ನಿಲ್ಲುವ ನೀರು ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗೆ ಅನುಕೂಲ. ಇನ್ನೊಂದೆಡೆ, ನಲ್ಲಿಯಲ್ಲಿ ದಿನವೂ ನೀರು ಬಾರದ ಊರುಗಳಲ್ಲಿ ಮನೆಮನೆಗೂ ಡ್ರಮ್ಮು, ಗುಮ್ಮಿ, ಬಾನಿಗಳಲ್ಲಿ ನೀರು ಸಂಗ್ರಹಿಸಿಡುವುದು ಅನಿವಾರ್ಯ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂತಹ ತಿಳಿನೀರಿನಲ್ಲಿಯೇ. ಹಟ್ಟಿ ಚಿನ್ನದ ಗಣಿಯ ಸುತ್ತಲಿನ ಗ್ರಾಮಗಳಲ್ಲಿಯೂ ಬೇಸಿಗೆಯ ನೀರಿನ ಅಭಾವ ಮತ್ತು ಸಂಗ್ರಹದ ರೂಢಿ ಇದಕ್ಕೆ ಹೊರತಲ್ಲ. ಕರ್ನಾಟಕ ಸರ್ಕಾರವು 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದುದು ಈ ವಿಷಯದ ಗಾಂಭೀರ್ಯವನ್ನು ತೋರಿಸುತ್ತದೆ.

ಸೊಳ್ಳೆಯಿಂದಲೇ ಮಲೇರಿಯಾ ಹರಡುತ್ತದೆ ಎಂಬುದಕ್ಕೆ ಆಧಾರವಾದ ಶೋಧನೆ ಈ ಪ್ರದೇಶಕ್ಕೆ ದೂರದ್ದೇನಲ್ಲ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡರು. ಆಗ ರಾಯಚೂರು ಸೀಮೆಯೂ ಅದೇ ನಿಜಾಮ ಸಂಸ್ಥಾನದ ಆಡಳಿತದಲ್ಲಿತ್ತು. ಸೊಳ್ಳೆಯನ್ನು ಹಾರುವ ಮೊದಲೇ, ನೀರಿನಲ್ಲಿರುವಾಗಲೇ ನಾಶಪಡಿಸುವುದು ಸುಲಭವೆಂಬ ತಿಳಿವಳಿಕೆಯಿಂದ ಲಾರ್ವಾಹಾರಿ ಮೀನುಗಳ ಬಳಕೆ ಬೆಳೆಯಿತು. ಗಪ್ಪಿ ಮೀನನ್ನು 1910ರಲ್ಲಿ ದಕ್ಷಿಣ ಅಮೆರಿಕದಿಂದ, ಗ್ಯಾಂಬೂಸಿಯಾ ಮೀನನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತರಲಾಯಿತು. ಕರ್ನಾಟಕದ ಕೋಲಾರ ಮತ್ತು ಹಾಸನ ಜಿಲ್ಲೆಗಳ ಗ್ರಾಮಗಳಲ್ಲಿ ಬಾವಿ, ಕುಂಟೆಗಳಿಗೆ ಇಂತಹ ಮೀನುಗಳನ್ನು ಬಿಟ್ಟು ಮಲೇರಿಯಾ ನಿಯಂತ್ರಿಸುವ ಕಾರ್ಯ ನಡೆದಿದೆ.

ಬೆಳೆದ ಒಂದು ಗಪ್ಪಿ ಮೀನು ದಿನವೊಂದಕ್ಕೆ ಸುಮಾರು 80ರಿಂದ 100 ಸೊಳ್ಳೆ ಲಾರ್ವಾಗಳನ್ನು ತಿನ್ನಬಲ್ಲದು. ಗಂಡು ಸುಮಾರು 3 ಸೆಂ.ಮೀ., ಹೆಣ್ಣು 5ರಿಂದ 6 ಸೆಂ.ಮೀ. ಉದ್ದ ಬೆಳೆಯುತ್ತವೆ. ಇದು ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವ ಮೀನು. ಸುಮಾರು ನಾಲ್ಕು ವಾರಗಳಿಗೊಮ್ಮೆ ಮರಿ ಹಾಕುತ್ತದೆ. ಒಮ್ಮೆ ಗಂಡಿನೊಡನೆ ಕೂಡಿದ ಹೆಣ್ಣು ಅನಂತರ ಹಲವು ಬಾರಿ ಮರಿ ಹಾಕಬಲ್ಲದಾದ್ದರಿಂದ, ಉಳಿದ ಒಂದೇ ಹೆಣ್ಣು ಮೀನಿನಿಂದಲೂ ಸಂತತಿ ಮುಂದುವರಿಯಲು ಸಾಧ್ಯ. ಸ್ವಲ್ಪ ಗಡಸಾದ, ಕ್ಷಾರಗುಣದ ನೀರು ಇದಕ್ಕೆ ಒಗ್ಗುತ್ತದೆ. ಈ ಭಾಗದ ಕೊಳವೆ ಬಾವಿಗಳ ನೀರು ಬಹುಮಟ್ಟಿಗೆ ಅಂತಹುದೇ ಆಗಿರುವುದು ಒಂದು ಅನುಕೂಲ.

ಕಣ್ಣಿಗೆ ಕಾಣದ ಕೊಳೆ

ತೊಟ್ಟಿಯ ನೀರು ತಿಳಿಯಾಗಿದ್ದ ಮಾತ್ರಕ್ಕೆ ಅದು ಶುದ್ಧವಲ್ಲ. ಮೀನುಗಳು ಕಿವಿರುಗಳ ಮೂಲಕ ಸದಾ ಅಮೋನಿಯಾವನ್ನು ಹೊರಹಾಕುತ್ತವೆ. ಉಳಿದು ಕೊಳೆಯುವ ಆಹಾರದಿಂದಲೂ ಅಮೋನಿಯಾ ಉಂಟಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ಅಲ್ಪ ಪ್ರಮಾಣದಲ್ಲಿ ವಾಸನೆಯೂ ತಿಳಿಯುವುದಿಲ್ಲ. ಮೀನಿಗೆ ಮಾತ್ರ ಅದು ವಿಷ. ನೀರಿನ ಪಿಎಚ್ ಮಟ್ಟ 7ರಿಂದ 8ಕ್ಕೆ ಏರಿದಾಗ ಅಮೋನಿಯಾದ ವಿಷರೂಪದ ಪಾಲು ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ನೀರು ಬಿಸಿಯಾದಂತೆ ಆ ಪಾಲು ಇನ್ನೂ ಏರುತ್ತದೆ. ಕ್ಷಾರಗುಣದ ನೀರು ಮತ್ತು ಉರಿಬಿಸಿಲು ಎರಡೂ ಇರುವ ಈ ಜಿಲ್ಲೆಯಲ್ಲಿ ಅಮೋನಿಯಾ ವಿಷಯದಲ್ಲಿ ವಿಶೇಷ ಎಚ್ಚರ ಬೇಕಾಗಿರುವುದು ಈ ಕಾರಣದಿಂದಲೇ.

ಈ ವಿಷವನ್ನು ಕಳೆಯುವ ಕೆಲಸವನ್ನು ಸೂಕ್ಷ್ಮಜೀವಿಗಳು ಮಾಡುತ್ತವೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ, ಮತ್ತೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೈಟ್ ಕೂಡ ಮೀನಿಗೆ ಅಪಾಯಕಾರಿ. ನೈಟ್ರೇಟ್‌ನ ತೀವ್ರತೆ ಬಹಳ ಕಡಿಮೆ. ಬೆಳೆಗೆ ಹಾಕುವ ಯೂರಿಯಾ ಮಣ್ಣಿನಲ್ಲಿ ಇದೇ ಕ್ರಮದಲ್ಲಿ ಮಾರ್ಪಾಡಾಗುವುದರಿಂದ ರೈತ ಸದಸ್ಯರಿಗೆ ಇದು ಅಪರಿಚಿತವಲ್ಲ. ಈ ಬ್ಯಾಕ್ಟೀರಿಯಾಗಳು ಹರಳು, ಗಾಜು, ಗಿಡ ಹಾಗೂ ಫಿಲ್ಟರ್‌ನ ಸ್ಪಾಂಜಿಗೆ ತೆಳುವಾದ ಲೋಳೆಯಾಗಿ ಅಂಟಿಕೊಂಡು ಬದುಕುತ್ತವೆ. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಹಿಡಿಯುತ್ತವೆ.

ಇಡೀ ತೊಟ್ಟಿಯನ್ನು ಬರಿದು ಮಾಡಿ, ಹರಳನ್ನು ಸೋಪಿನ ಪುಡಿಯಿಂದ ಉಜ್ಜಿ, ಸ್ಪಾಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ಹಿಂಡಿ ತೊಳೆದಾಗ ನಾಶವಾಗುವುದು ಈ ಬ್ಯಾಕ್ಟೀರಿಯಾಗಳೇ. ಮರುದಿನ ತೊಟ್ಟಿ ಹೊಳೆಯುತ್ತದೆ. ಮೂರನೆಯ ದಿನ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯತೊಡಗುತ್ತವೆ. ಆದುದರಿಂದ ತೊಟ್ಟಿಯನ್ನು ಪೂರ್ತಿಯಾಗಿ ತೊಳೆಯಲೇಬಾರದು. ವಾರಕ್ಕೊಮ್ಮೆ ಸ್ವಲ್ಪ ನೀರನ್ನು ತಪ್ಪದೆ ಬದಲಿಸುವುದೇ ಸರಿಯಾದ ಕ್ರಮ.

ತೊಟ್ಟಿಯ ಅಳತೆ ಮತ್ತು ಸ್ಥಳ

60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 35 ಸೆಂ.ಮೀ. ಎತ್ತರದ ಗಾಜಿನ ತೊಟ್ಟಿ ಸಾಕಾಗುತ್ತದೆ. ಲೆಕ್ಕದ ಪ್ರಕಾರ ಇದು 63 ಲೀಟರ್ ಹಿಡಿಯುತ್ತದಾದರೂ, ತಳದಲ್ಲಿ 5 ಸೆಂ.ಮೀ. ಹರಳು ಮತ್ತು ಮೇಲೆ 5 ಸೆಂ.ಮೀ. ತೆರವು ಬಿಟ್ಟ ಮೇಲೆ ಉಳಿಯುವ ನೀರು ಸುಮಾರು 45 ಲೀಟರ್ ಮಾತ್ರ. ಮೀನಿನ ಸಂಖ್ಯೆ, ಬದಲಿಸಬೇಕಾದ ನೀರು, ಔಷಧಿ ಎಲ್ಲವನ್ನೂ ಈ 45 ಲೀಟರಿಗೇ ಲೆಕ್ಕ ಹಾಕಬೇಕು. ನೀರು, ಹರಳು, ಗಾಜು ಸೇರಿ ತೂಕ ಸುಮಾರು 70 ಕಿಲೋ ಆಗುವುದರಿಂದ ಕಡತಗಳ ಕಪಾಟಿನ ಮೇಲೆ ಅಥವಾ ಅಲುಗಾಡುವ ಮೇಜಿನ ಮೇಲೆ ಇಡಬಾರದು. ಕಲ್ಲಿನ ಕಟ್ಟೆ ಅಥವಾ ಸಮತಟ್ಟಾದ ಕಬ್ಬಿಣದ ಸ್ಟ್ಯಾಂಡ್ ಸೂಕ್ತ.

ತೊಟ್ಟಿಗೆ ಬೆಳಕು ಬೇಕು, ನೇರ ಬಿಸಿಲು ಬೇಡ. ಬಿಸಿಲು ಬಿದ್ದರೆ ನೀರು ಹಸಿರಾಗಿ ಪಾಚಿ ಕಟ್ಟುತ್ತದೆ. ತಗಡಿನ ಛಾವಣಿಯ ಕೆಳಗೆ ಮೇ ತಿಂಗಳಲ್ಲಿ ತೊಟ್ಟಿ ಇಟ್ಟರೆ ಮೀನು ಉಳಿಯುವುದು ಕಷ್ಟ. ಸಿಮೆಂಟಿನ ತೊಟ್ಟಿ ಕಟ್ಟಿಸುವುದಾದರೆ, ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ನೀರಿಗಿಳಿದು ಪಿಎಚ್ ಬಹಳ ಏರುವುದರಿಂದ, ಎರಡು ಮೂರು ವಾರ ನೀರು ತುಂಬಿ ಚೆಲ್ಲುತ್ತ ತೊಟ್ಟಿಯನ್ನು ಹದಗೊಳಿಸಿದ ನಂತರವೇ ಮೀನು ಬಿಡಬೇಕು.

ತಳಕ್ಕೆ ಹಳ್ಳದ ದುಂಡು ಹರಳನ್ನು ಚೆನ್ನಾಗಿ ತೊಳೆದು ಹಾಕಬಹುದು. ಹಟ್ಟಿ ಸುತ್ತಲಿನ ಗ್ರಾಮಗಳಲ್ಲಿ ಒಂದು ಎಚ್ಚರ ಅಗತ್ಯ: ಗಣಿಯಿಂದ ಹೊರಬಂದ ಕಲ್ಲು, ಪುಡಿ ಅಥವಾ ಮರಳನ್ನು, ಅದು ನೋಡಲು ಎಷ್ಟೇ ಮಿನುಗುತ್ತಿದ್ದರೂ, ತೊಟ್ಟಿಗೆ ಹಾಕಬಾರದು. ಚಿನ್ನದ ಅದಿರಿನ ಜೊತೆಯಲ್ಲಿ ಆರ್ಸೆನಿಕ್ ಇರುವ ಗಂಧಕದ ಖನಿಜಗಳೂ ಇರುತ್ತವೆ. ಮಕ್ಕಳು ಕೈಯಾಡಿಸುವ ತೊಟ್ಟಿಗೆ ಇವು ಸಲ್ಲವು.

ನೀರು ತುಂಬುವ ಮುನ್ನ

ಕುಡಿಯುವ ನೀರಿನ ಸರಬರಾಜಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಭಾರತೀಯ ಮಾನಕ. ಮನುಷ್ಯನಿಗೆ ರಕ್ಷಣೆ ನೀಡುವ ಈ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ನೀರನ್ನು ಅಗಲ ಬಾಯಿಯ ಪಾತ್ರೆ ಅಥವಾ ಡ್ರಮ್ಮಿನಲ್ಲಿ 24 ಗಂಟೆ ಬಿಟ್ಟರೆ ಕ್ಲೋರಿನ್ ಬಹುತೇಕ ಹಾರಿಹೋಗುತ್ತದೆ. ಏರ್ ಪಂಪಿನಿಂದ ಗಾಳಿ ಹಾಯಿಸಿದರೆ ಇನ್ನೂ ಬೇಗ ಹೋಗುತ್ತದೆ. ಬ್ಲೀಚಿಂಗ್ ಪುಡಿ ಹಾಕಿದ ದಿನವೇ ಓವರ್‌ಹೆಡ್ ಟ್ಯಾಂಕಿನ ನೀರನ್ನು ಹಿಡಿಯಬಾರದು. ನೀರು ಹೀಗೆ ನಿಲ್ಲಿಸಿದ ಡ್ರಮ್ಮಿನ ಬಾಯಿಗೆ ತೆಳುವಾದ ಬಟ್ಟೆ ಕಟ್ಟಿರಬೇಕು. ಇಲ್ಲವಾದರೆ ಸೊಳ್ಳೆ ನಿಯಂತ್ರಣಕ್ಕೆಂದು ಇಟ್ಟ ನೀರಿನಲ್ಲಿಯೇ ಸೊಳ್ಳೆ ಮೊಟ್ಟೆಯಿಡುತ್ತದೆ.

ಕೀಟನಾಶಕದ ಖಾಲಿ ಡಬ್ಬಿ, ಔಷಧಿ ಸಿಂಪಡಿಸುವ ಪಂಪಿಗೆ ನೀರು ತುಂಬುವ ಬಕೆಟ್ ಇವುಗಳನ್ನು ಯಾವ ಕಾರಣಕ್ಕೂ ಬಳಸಬಾರದು. ಹತ್ತಿ, ತೊಗರಿ, ಭತ್ತದ ಹೊಲಕ್ಕೆ ಸಿಂಪರಣೆ ಮಾಡಿ ಬಂದ ಕೈಯನ್ನು ತೊಳೆಯದೆ ತೊಟ್ಟಿಯಲ್ಲಿ ಅದ್ದಿದರೂ ಮೀನಿಗೆ ಹಾನಿಯಾಗಬಹುದು. ತೊಟ್ಟಿಯ ಕೆಲಸಕ್ಕೆಂದೇ ಒಂದು ಬಕೆಟ್, ಒಂದು ತಂಬಿಗೆ, ಒಂದು ಪ್ಲಾಸ್ಟಿಕ್ ನಳಿಕೆಯನ್ನು ಪ್ರತ್ಯೇಕವಾಗಿ ಇರಿಸಿ, ಅದರ ಮೇಲೆ ಗುರುತು ಬರೆದಿರುವುದು ಒಳ್ಳೆಯದು.

ಮೊದಲ ಆರು ವಾರಗಳು

ನೀರು ತುಂಬಿದ ತೊಟ್ಟಿಗೆ ಮೊದಲು ಹೈಡ್ರಿಲ್ಲಾದಂತಹ ನೀರಿನ ಗಿಡಗಳನ್ನು ತೊಳೆದು ಹಾಕಿ, ಸ್ಪಾಂಜ್ ಫಿಲ್ಟರ್ ಮತ್ತು ಏರ್ ಪಂಪನ್ನು ಚಾಲೂ ಮಾಡಬೇಕು. ಒಂದು ವಾರದ ನಂತರ ಮೂರು ನಾಲ್ಕು ಮೀನುಗಳನ್ನು ಮಾತ್ರ ಬಿಡಬೇಕು. ಮೀನು ತಂದ ಚೀಲವನ್ನು ತೊಟ್ಟಿಯ ನೀರಿನ ಮೇಲೆ 15ರಿಂದ 20 ನಿಮಿಷ ತೇಲಬಿಟ್ಟು, ಶಾಖ ಸಮವಾದ ಬಳಿಕ ಚೀಲಕ್ಕೆ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಮೀನುಗಳನ್ನು ಒಳಗೆ ಬಿಡುವುದು ಕ್ರಮ. ಚೆನ್ನಾಗಿ ನಡೆಯುತ್ತಿರುವ ಬೇರೊಂದು ಆರೋಗ್ಯಕರ ತೊಟ್ಟಿಯಿಂದ ಒಂದು ಹಿಡಿ ಹರಳು ಅಥವಾ ಹಳೆಯ ಸ್ಪಾಂಜನ್ನು ತಂದು ಇರಿಸಿದರೆ, ಮೊಸರಿಗೆ ಹೆಪ್ಪು ಹಾಕಿದಂತೆ, ಬ್ಯಾಕ್ಟೀರಿಯಾಗಳು ಬೇಗ ಬೆಳೆಯುತ್ತವೆ. ಈ ಅವಧಿಯಲ್ಲಿ ಆಹಾರ ಅತ್ಯಲ್ಪವಾಗಿರಬೇಕು. ನೀರು ಕೆಲವು ದಿನ ಮಬ್ಬಾಗಿ ಕಂಡರೂ ಪೂರ್ತಿ ಚೆಲ್ಲಬಾರದು.

ಆರು ವಾರಗಳ ನಂತರ ಎರಡು ಗಂಡು, ಐದಾರು ಹೆಣ್ಣುಗಳ ಗುಂಪನ್ನು ಇಟ್ಟುಕೊಳ್ಳಬಹುದು. 45 ಲೀಟರ್ ನೀರಿನಲ್ಲಿ ಬೆಳೆದ ಮೀನುಗಳು 15ರಿಂದ 20 ಮೀರದಂತೆ ನೋಡಿಕೊಳ್ಳಬೇಕು. ಮರಿಗಳು ಹೆಚ್ಚಿದಂತೆ ಬೇರೆಡೆಗೆ ಕೊಡುವುದೂ ತೊಟ್ಟಿಯ ನೈರ್ಮಲ್ಯದ ಭಾಗವೇ ಆಗಿದೆ. ಗೋಲ್ಡ್‌ಫಿಶ್ ಅಥವಾ ಗಾಜು ನೆಕ್ಕುವ ಸಕ್ಕರ್ ಮೀನನ್ನು ಇಷ್ಟು ಚಿಕ್ಕ ತೊಟ್ಟಿಗೆ ಸೇರಿಸಬಾರದು. ಇವು ದೊಡ್ಡದಾಗಿ ಬೆಳೆಯುತ್ತವೆ ಮತ್ತು ನೀರನ್ನು ಬೇಗ ಕೆಡಿಸುತ್ತವೆ.

ಆಹಾರ: ಕಡಿಮೆಯೇ ಲೇಸು

ದಿನಕ್ಕೆ ಒಮ್ಮೆ, ಎರಡು ನಿಮಿಷದಲ್ಲಿ ಮೀನುಗಳು ತಿಂದು ಮುಗಿಸುವಷ್ಟು ಪುಡಿ ಆಹಾರ ಸಾಕು. ತಳಕ್ಕೆ ಇಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಬೆಳೆದ ಆರೋಗ್ಯವಂತ ಮೀನುಗಳು ಎರಡು ಮೂರು ದಿನ ಆಹಾರವಿಲ್ಲದೆ ಇರಬಲ್ಲವಾದ್ದರಿಂದ, ಭಾನುವಾರ ಅಥವಾ ಹಬ್ಬದ ರಜೆಯ ದಿನಗಳಿಗೆಂದು ಮುಂಗಡವಾಗಿ ಹೆಚ್ಚು ಹಾಕಿ ಹೋಗುವ ಅಗತ್ಯವಿಲ್ಲ. ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳು ಪ್ರೀತಿಯಿಂದ ಎಸೆಯುವ ಮಂಡಾಳು, ಬಿಸ್ಕತ್ತು, ರೊಟ್ಟಿಯ ಚೂರುಗಳೇ ತೊಟ್ಟಿಗೆ ದೊಡ್ಡ ಅಪಾಯ. ಆಹಾರದ ಡಬ್ಬಿ ಒಬ್ಬರ ಕೈಯಲ್ಲಿಯೇ ಇರತಕ್ಕದ್ದು. ಮಕ್ಕಳಿಗೆ ಸರದಿಯಂತೆ, ಒಬ್ಬರ ಎದುರಿನಲ್ಲಿ, ಒಂದು ಚಿಟಿಕೆಯಷ್ಟು ಹಾಕಲು ಅವಕಾಶ ಕೊಡಬಹುದು. ಬಾನಿ, ಡ್ರಮ್ಮುಗಳಲ್ಲಿ ಸಿಕ್ಕ ಸೊಳ್ಳೆ ಲಾರ್ವಾಗಳನ್ನು ಸಣ್ಣ ಜಾಲರಿಯಲ್ಲಿ ಸೋಸಿ ತಂದು ಹಾಕಿದರೆ ಮೀನಿಗೆ ಉತ್ತಮ ಆಹಾರವೂ, ಮಕ್ಕಳಿಗೆ ಕಣ್ಣೆದುರಿನ ಪಾಠವೂ ಆಗುತ್ತದೆ.

ವಾರದ ಕೆಲಸ: ಒಂದು ಕೊಡ ನೀರು

ವಾರಕ್ಕೊಮ್ಮೆ ತೊಟ್ಟಿಯ ನೀರಿನ ಐದನೆಯ ಒಂದು ಭಾಗವನ್ನು, ಎಂದರೆ 45 ಲೀಟರಿಗೆ 9 ಲೀಟರನ್ನು, ತೆಗೆದು ಹೊಸ ನೀರು ತುಂಬಬೇಕು. ನಳಿಕೆಯ ಒಂದು ತುದಿಯನ್ನು ಹರಳಿನ ಸಂದಿಗೆ ತಾಗಿಸಿ ನೀರೆಳೆದರೆ ತಳದ ಕಸವೂ ಬರುತ್ತದೆ. ನಳಿಕೆಗೆ ಬಾಯಿಯಿಂದ ಎಳೆಯಬಾರದು. ಅದನ್ನು ನೀರಿನಲ್ಲಿ ಮುಳುಗಿಸಿ ತುಂಬಿಸಿ, ಬೆರಳಿನಿಂದ ಮುಚ್ಚಿ ಕೆಳಗಿಳಿಸಿದರೆ ಸಾಕು. ಸ್ಪಾಂಜನ್ನು ಹೀಗೆ ತೆಗೆದ ತೊಟ್ಟಿಯ ನೀರಿನಲ್ಲಿಯೇ ಒಂದೆರಡು ಬಾರಿ ಹಿಂಡಬೇಕೇ ಹೊರತು ನಲ್ಲಿಯ ಕೆಳಗೆ ಹಿಡಿಯಬಾರದು. ಗಾಜಿನ ಒಳಭಾಗವನ್ನು ಸೋಪು ಸೋಕದ ಬಟ್ಟೆಯಿಂದ ಒರೆಸಬೇಕು. ತೆಗೆದ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಅದನ್ನು ಅಂಗಳದ ಗಿಡಗಳಿಗೆ ಹಾಕಿದರೆ ಗೊಬ್ಬರವಾಗುತ್ತದೆ.

ಬೇಸಿಗೆಯಲ್ಲಿ ನೀರು ಆವಿಯಾಗಿ ಕಡಿಮೆಯಾದಾಗ, ಕಡಿಮೆಯಾದಷ್ಟನ್ನು ತುಂಬಿದರೆ ಸಾಕೆಂದು ಭಾವಿಸುವುದು ತಪ್ಪು. ಆವಿಯಾಗುವುದು ನೀರು ಮಾತ್ರ. ಅದರಲ್ಲಿನ ಲವಣ ತೊಟ್ಟಿಯಲ್ಲಿಯೇ ಉಳಿಯುತ್ತದೆ. ಉದಾಹರಣೆಗೆ, ಲೀಟರಿಗೆ 1,000 ಮಿಲಿಗ್ರಾಂ ಲವಣವಿರುವ ಕೊಳವೆ ಬಾವಿ ನೀರನ್ನು ತುಂಬಿದ ತೊಟ್ಟಿಯಿಂದ ದಿನಕ್ಕೆ ಅರ್ಧ ಲೀಟರಿಗೂ ತುಸು ಹೆಚ್ಚು, ತಿಂಗಳಿಗೆ 16 ಲೀಟರ್ ಆವಿಯಾಗುತ್ತದೆ ಎಂದುಕೊಳ್ಳೋಣ. ಬರೀ ಮೇಲಿಂದ ಮೇಲೆ ತುಂಬುತ್ತ ಹೋದರೆ ಒಂದು ತಿಂಗಳಿಗೆ ಲವಣ ಸುಮಾರು 1,350 ಮಿಲಿಗ್ರಾಂ, ಮೂರು ತಿಂಗಳಿಗೆ 2,000 ಮಿಲಿಗ್ರಾಂ ಮೀರುತ್ತದೆ. ಗಾಜಿನ ಅಂಚಿನಲ್ಲಿ ಕಟ್ಟುವ ಬಿಳಿಯ ಪಟ್ಟೆ ಇದರ ಗುರುತು. ಬಸಿಗಾಲುವೆಯಿಲ್ಲದೆ ನೀರು ಹಾಯಿಸಿದ ಹೊಲ ಸವುಳಾಗುವುದು ಎಡದಂಡೆ ಕಾಲುವೆಯ ರೈತರಿಗೆ ತಿಳಿದ ವಿಷಯ. ತೊಟ್ಟಿಯಲ್ಲಿ ನಡೆಯುವುದೂ ಅದೇ. ಹಳೆಯ ನೀರನ್ನು ಹೊರಗೆ ತೆಗೆಯದೆ ಹೊಸ ನೀರನ್ನು ತುಂಬುವುದರಿಂದ ತೊಟ್ಟಿ ಶುದ್ಧವಾಗುವುದಿಲ್ಲ. ಆವಿಯಾದುದಕ್ಕೆ ಬದಲಾಗಿ ಸಂಗ್ರಹಿಸಿದ ಮಳೆನೀರನ್ನು ತುಂಬುವ ಅನುಕೂಲವಿದ್ದರೆ ಬಹಳ ಉತ್ತಮ.

ಬಿಸಿಲು, ವಿದ್ಯುತ್ ಕಡಿತ ಮತ್ತು ಧೂಮೀಕರಣ

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರಬಲ್ಲ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇರಬಲ್ಲ ಆಮ್ಲಜನಕ 35 ಡಿಗ್ರಿಯಲ್ಲಿ 7ಕ್ಕಿಂತ ಕೆಳಗಿಳಿಯುತ್ತದೆ. ಗಪ್ಪಿಗೆ ಹಿತವಾದದ್ದು 22ರಿಂದ 28 ಡಿಗ್ರಿ. ಹೊರಗಿನ ಉಷ್ಣಾಂಶ 40 ಡಿಗ್ರಿ ದಾಟುವ ದಿನಗಳಲ್ಲಿ ತೊಟ್ಟಿಯ ಹೊರಮೈಗೆ ಒದ್ದೆ ಗೋಣಿಚೀಲ ಸುತ್ತುವುದು, ನೀರಿನ ಮೇಲ್ಮೈಗೆ ಫ್ಯಾನಿನ ಗಾಳಿ ತಾಗುವಂತೆ ಮಾಡುವುದು, ಆಹಾರವನ್ನು ಇನ್ನಷ್ಟು ಕಡಿಮೆ ಮಾಡುವುದು ಸರಿಯಾದ ಕ್ರಮ. ಒಮ್ಮೆಲೇ ಐಸ್ ನೀರು ಸುರಿಯಬಾರದು. ಹಠಾತ್ ಬದಲಾವಣೆ ಬಿಸಿಗಿಂತಲೂ ಅಪಾಯಕಾರಿ.

ವಿದ್ಯುತ್ ಹೋಗಿ ಏರ್ ಪಂಪ್ ನಿಂತಾಗ, ತಂಬಿಗೆಯಲ್ಲಿ ತೊಟ್ಟಿಯ ನೀರನ್ನೇ ತೆಗೆದು ಒಂದು ಮೊಳ ಎತ್ತರದಿಂದ ನಿಧಾನವಾಗಿ ಹತ್ತಾರು ಬಾರಿ ಸುರಿದರೆ ನೀರಿಗೆ ಗಾಳಿ ಸೇರುತ್ತದೆ. ಮೀನು ಕಡಿಮೆ, ಗಿಡ ಹೆಚ್ಚು ಇರುವ ತೊಟ್ಟಿ ಕೆಲವು ಗಂಟೆಗಳ ಕಡಿತವನ್ನು ತೊಂದರೆಯಿಲ್ಲದೆ ತಾಳಿಕೊಳ್ಳುತ್ತದೆ. ಪಂಪ್ ಇಡೀ ದಿನ ನಿಂತಿದ್ದರೆ, ಮತ್ತೆ ಚಾಲೂ ಮಾಡುವ ಮುನ್ನ ಸ್ಪಾಂಜನ್ನು ತೊಟ್ಟಿಯ ನೀರಿನಲ್ಲಿ ಹಿಂಡಿ ತೆಗೆಯಬೇಕು. ತೊಟ್ಟಿಯೊಳಗೆ ಕೈ ಹಾಕುವ ಮೊದಲು ವಿದ್ಯುತ್ ಉಪಕರಣಗಳ ಪ್ಲಗ್ ಕಿತ್ತಿರಬೇಕು. ವೈರು ಪ್ಲಗ್ಗಿಗಿಂತ ಕೆಳಗೆ ಇಳಿದು ಮೇಲೆ ಬರುವಂತಿದ್ದರೆ, ವೈರಿನ ಮೇಲೆ ಇಳಿಯುವ ನೀರು ಪ್ಲಗ್ಗಿಗೆ ತಲುಪುವುದಿಲ್ಲ. ಮಕ್ಕಳಿರುವ ಸ್ಥಳಗಳಲ್ಲಿ ಇದನ್ನು ಕಡ್ಡಾಯವಾಗಿ ಪಾಲಿಸಬೇಕು.

ಸೊಳ್ಳೆ ನಿವಾರಣೆಗೆ ಗ್ರಾಮದಲ್ಲಿ ಧೂಮೀಕರಣ ಅಥವಾ ಔಷಧಿ ಸಿಂಪರಣೆ ನಡೆಯುವ ದಿನ ತೊಟ್ಟಿಯ ಬಗ್ಗೆ ವಿಶೇಷ ಗಮನ ಬೇಕು. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು ಮನುಷ್ಯನಿಗೆ ಹೋಲಿಸಿದರೆ ಮೀನಿಗೆ ಬಹುಪಟ್ಟು ವಿಷಕಾರಿ. ಏರ್ ಪಂಪ್ ಹೊರಗಿನ ಗಾಳಿಯನ್ನೇ ನೀರಿಗೆ ತುಂಬುವುದರಿಂದ, ಆ ಹೊತ್ತಿಗೆ ಪಂಪನ್ನು ನಿಲ್ಲಿಸಿ, ತೊಟ್ಟಿಯನ್ನು ದಪ್ಪ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಹೊಗೆ ಪೂರ್ತಿ ಚದುರಿದ ನಂತರ ತೆರೆಯಬೇಕು. ಕೊಠಡಿಯಲ್ಲಿ ಸೊಳ್ಳೆ ಬತ್ತಿ, ಸ್ಪ್ರೇ ಬಳಸುವಾಗಲೂ ಇದೇ ಎಚ್ಚರ ಸಲ್ಲುತ್ತದೆ.

ಮೀನು ಅಸ್ವಸ್ಥವಾದಾಗ

ಮೀನುಗಳು ಮೇಲ್ಮೈಯಲ್ಲಿ ಬಾಯಿ ತೆರೆಯುತ್ತಿದ್ದರೆ, ರೆಕ್ಕೆ ಮುದುಡಿಕೊಂಡು ಒಂದೆಡೆ ನಿಂತಿದ್ದರೆ, ಆಹಾರಕ್ಕೆ ಬಾರದಿದ್ದರೆ ಮೊದಲು ಸಂಶಯಿಸಬೇಕಾದುದು ನೀರನ್ನು. ಅಂಗಡಿಯಿಂದ ಔಷಧಿ ತರುವ ಮುನ್ನ ಆಹಾರ ನಿಲ್ಲಿಸಿ, ಸತ್ತ ಮೀನಿದ್ದರೆ ತೆಗೆದು, ನಾಲ್ಕನೆಯ ಒಂದು ಭಾಗ ನೀರನ್ನು ಬದಲಿಸಬೇಕು. ಹೆಚ್ಚಿನ ಸಂದರ್ಭಗಳಲ್ಲಿ ಇಷ್ಟರಿಂದಲೇ ಚೇತರಿಕೆ ಕಾಣುತ್ತದೆ. ಮೈಮೇಲೆ ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆಗಳಿದ್ದರೆ ಅದು ಬಿಳಿ ಚುಕ್ಕೆ ರೋಗ, ಹರಡುವ ಸ್ವಭಾವದ್ದು. ಗಪ್ಪಿಗಳು ಲೀಟರಿಗೆ 1ರಿಂದ 2 ಗ್ರಾಂ ಕಲ್ಲುಪ್ಪನ್ನು ತಾಳಿಕೊಳ್ಳುವುದರಿಂದ, ಅಷ್ಟನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಎರಡು ಮೂರು ಕಂತುಗಳಲ್ಲಿ ಸೇರಿಸಬಹುದು. ಗುಣವಾಗದಿದ್ದಲ್ಲಿ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯ ಸಲಹೆ ಪಡೆಯಬೇಕು. ರೋಗವಿರುವ ತೊಟ್ಟಿಯ ಮೀನನ್ನು ಬೇರೆಡೆಗೆ ಕೊಡಬಾರದು. ಕೈಯಲ್ಲಿ ಗಾಯವಿರುವವರು ತೊಟ್ಟಿಗೆ ಕೈ ಹಾಕಬಾರದು. ಕೆಲಸ ಮುಗಿದ ನಂತರ ಎಲ್ಲರೂ ಸೋಪಿನಿಂದ ಕೈ ತೊಳೆಯಬೇಕು.

ಮೀನನ್ನು ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು

ತೊಟ್ಟಿಯಲ್ಲಿ ಹೆಚ್ಚಾದ ಗಪ್ಪಿಗಳನ್ನು ದನಗಳ ಬಾನಿ, ಬಳಕೆ ನೀರಿನ ಗುಮ್ಮಿ, ಕಟ್ಟಡ ಕಾಮಗಾರಿಯ ನೀರಿನ ತೊಟ್ಟಿ, ಬಳಸದ ಸುತ್ತುಗಟ್ಟಿದ ಬಾವಿ ಮೊದಲಾದ ಮುಚ್ಚಿದ ಎಲ್ಲೆಯುಳ್ಳ, ಮಾನವ ನಿರ್ಮಿತ ನೀರಿನ ತಾಣಗಳಲ್ಲಿ ಮಾತ್ರ ಬಿಡಬೇಕು. ಎಲ್ಲಿಗೆ ಎಷ್ಟು ಮೀನು ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯೊಡನೆ ನಿರ್ಧರಿಸುವುದು ಸೂಕ್ತ. ಕುಡಿಯುವ ನೀರಿನ ಪಾತ್ರೆಗಳಿಗೆ ಬಿಗಿಯಾದ ಮುಚ್ಚಳವೇ ಸರಿಯಾದ ಉಪಾಯ. ಬೇಸಿಗೆಯ ಶಾಖದಲ್ಲಿ ಸೊಳ್ಳೆಯ ಮೊಟ್ಟೆ ಏಳರಿಂದ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುವುದರಿಂದ, ಖಾಲಿ ಮಾಡಬಹುದಾದ ಪಾತ್ರೆಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ಒಣಗಿಸುವ ರೂಢಿಗೆ ಗಪ್ಪಿ ಪರ್ಯಾಯವಲ್ಲ. ಖಾಲಿ ಮಾಡಲಾಗದ ನೀರಿಗಷ್ಟೇ ಮೀನು.

ಮೀನು ಬಿಟ್ಟ ಗುಮ್ಮಿಗೆ ತಿಳಿಯದೆ ಬ್ಲೀಚಿಂಗ್ ಪುಡಿ ಸುರಿದರೆ ಒಂದೇ ದಿನದಲ್ಲಿ ಎಲ್ಲ ಶ್ರಮ ವ್ಯರ್ಥವಾಗುತ್ತದೆ. ಆದುದರಿಂದ ಇಂತಹ ತಾಣಗಳಿಗೆ ಬಣ್ಣದಲ್ಲಿ ಗುರುತು ಬರೆಯಿಸಿ, ಅದರ ಪಟ್ಟಿಯನ್ನು ವಾಟರ್‌ಮನ್ ಹಾಗೂ ಆಶಾ ಕಾರ್ಯಕರ್ತೆಯರ ಬಳಿ ಇರಿಸಬೇಕು.

ಕೆರೆ, ಹಳ್ಳ, ಕಾಲುವೆ, ನದಿಗಳಿಗೆ ತೊಟ್ಟಿಯ ಯಾವುದೇ ಮೀನನ್ನು ಬಿಡಬಾರದು. ಗಪ್ಪಿ ಈ ನೆಲದ ಮೀನಲ್ಲ. ಗ್ಯಾಂಬೂಸಿಯಾ ಜಗತ್ತಿನ ಅತ್ಯಂತ ಹಾನಿಕರ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸೇರಿದೆ. ಸಾಕಲಾರದೆ ಕೆರೆಗೆ ಬಿಟ್ಟ ಸಕ್ಕರ್ ಮೀನು ದಕ್ಷಿಣ ಭಾರತದ ಹಲವು ಕೆರೆಗಳಲ್ಲಿ ಬೆಳೆದು ಮೀನುಗಾರರ ಬಲೆಗಳನ್ನು ಹರಿಯುತ್ತಿದೆ. ಊರ ಹಳ್ಳದ ನೀರು ಕೊನೆಗೆ ಕೃಷ್ಣೆ ಅಥವಾ ತುಂಗಭದ್ರೆಯನ್ನೇ ಸೇರುವುದರಿಂದ, ಒಂದು ಬಕೆಟ್ ಮೀನಿನ ಪರಿಣಾಮ ಒಂದು ಊರಿಗೆ ಮಾತ್ರ ಸೀಮಿತವಾಗಿರುವುದಿಲ್ಲ. ತೊಟ್ಟಿಯನ್ನು ನಿಲ್ಲಿಸುವ ಸಂದರ್ಭ ಬಂದರೆ ಮೀನುಗಳನ್ನು ಇನ್ನೊಂದು ಪಂಚಾಯಿತಿಯ ಅಥವಾ ಶಾಲೆಯ ತೊಟ್ಟಿಗೆ ಹಸ್ತಾಂತರಿಸಬೇಕು.

ಸದಸ್ಯರ ಪಾತ್ರ

ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಮೀನುಗಾರಿಕೆ, ಆರೋಗ್ಯ ಮತ್ತು ನೈರ್ಮಲ್ಯ ಸೇರಿವೆ. ಗಪ್ಪಿ ತೊಟ್ಟಿ ಈ ವಿಷಯಗಳೆಲ್ಲ ಕೂಡುವ ಸಣ್ಣ ಕೆಲಸ. ಅದಕ್ಕೆ ದೊಡ್ಡ ಮೊತ್ತ ಬೇಕಿಲ್ಲ; ಹೊಣೆ ಹೊರುವ ಒಬ್ಬರು ಬೇಕು. ತೊಟ್ಟಿ ಎಲ್ಲರದೆಂದು ಬಿಟ್ಟರೆ ಒಂದು ದಿನ ನಾಲ್ವರು ಆಹಾರ ಹಾಕುತ್ತಾರೆ, ಮತ್ತೊಂದು ವಾರ ಯಾರೂ ನೀರು ಬದಲಿಸುವುದಿಲ್ಲ. ಆದುದರಿಂದ ಸಾಮಾನ್ಯ ಸಭೆಯಲ್ಲಿ ಚರ್ಚಿಸಿ, ಅರಿವು ಕೇಂದ್ರದ ಮೇಲ್ವಿಚಾರಕರು, ಶಿಕ್ಷಕರು ಅಥವಾ ಸಿಬ್ಬಂದಿಯಲ್ಲೊಬ್ಬರಿಗೆ, ಅವರ ಒಪ್ಪಿಗೆ ಪಡೆದು, ಈ ಕೆಲಸವನ್ನು ವಹಿಸುವುದು ಮತ್ತು ಅವರು ರಜೆಯಲ್ಲಿದ್ದಾಗ ನೋಡಿಕೊಳ್ಳುವವರನ್ನೂ ಗೊತ್ತುಪಡಿಸುವುದು ಸೂಕ್ತ. ನೀರು ಬದಲಿಸಿದ ದಿನಾಂಕ, ಸತ್ತ ಮೀನಿನ ಸಂಖ್ಯೆ, ಬೇರೆಡೆಗೆ ಕೊಟ್ಟ ಮೀನಿನ ಸಂಖ್ಯೆ ಮತ್ತು ಸ್ಥಳ ಇವಿಷ್ಟನ್ನು ಬರೆಯುವ ಒಂದು ನೋಟ್‌ಬುಕ್ ತೊಟ್ಟಿಯ ಬಳಿಯೇ ಇರಬೇಕು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಆ ಪುಟವನ್ನೊಮ್ಮೆ ನೋಡಿದರೆ ಸಾಕು, ಎಲ್ಲಿ ತಪ್ಪುತ್ತಿದೆ ಎಂಬುದು ತಿಳಿಯುತ್ತದೆ.

ಜೂನ್ ತಿಂಗಳನ್ನು ಮಲೇರಿಯಾ ವಿರೋಧಿ ಮಾಸವಾಗಿ, ಜುಲೈ ತಿಂಗಳನ್ನು ಡೆಂಗಿ ವಿರೋಧಿ ಮಾಸವಾಗಿ ಆಚರಿಸಲಾಗುತ್ತದೆ. ಮಳೆ ಬಿದ್ದ ಮೇಲೆ ಮೀನು ಹುಡುಕುವುದರಿಂದ ಪ್ರಯೋಜನವಾಗದು. ಜನವರಿಯಲ್ಲಿ ತೊಟ್ಟಿ ತುಂಬಿದರೆ ಫೆಬ್ರವರಿ ಕೊನೆಯ ಹೊತ್ತಿಗೆ ನೀರು ಹದಗೊಳ್ಳುತ್ತದೆ. ಮಾರ್ಚ್‌ನಿಂದ ಮರಿಗಳು ಕಾಣತೊಡಗುತ್ತವೆ. ಏಪ್ರಿಲ್, ಮೇ ತಿಂಗಳ ಬಿಸಿಲನ್ನು ಎಚ್ಚರದಿಂದ ದಾಟಿಸಿದರೆ ಮುಂಗಾರಿನ ಮೊದಲ ವಾರದಲ್ಲಿ ಬಾನಿ, ಗುಮ್ಮಿಗಳಿಗೆ ಬಿಡಲು ಬೀಜದ ಮೀನು ಸಿದ್ಧವಿರುತ್ತದೆ.